ಅಪ್ಪನ ಬಿಪಿ ಮಾತ್ರೆಯ ಹಿಂದಿನ ನೂರು ವರ್ಷ

ಹೋದ ದೀಪಾವಳಿಗೆ ಪುಣೆಯಿಂದ ದಾವಣಗೆರೆಗೆ ಹೋದಾಗ ಅಪ್ಪನ ಮಾತ್ರೆ ಡಬ್ಬಿ ತೆಗೆದು ನೋಡಿದೆ. ಲೋಸಾರ್ಟನ್ ಹಾಗೇ ಉಳಿದಿತ್ತು. "ಬಿಪಿ ನಾರ್ಮಲ್ ಇದೆಯಲ್ಲೋ, ಸುಮ್ನೆ ಯಾಕೆ ನುಂಗ್ಲಿ?" ಅಂದ್ರು. ಅವರಿಗೆ ಹದಿನೈದು ವರ್ಷದಿಂದ ಶುಗರ್, ಮೂತ್ರದಲ್ಲಿ ಅಲ್ಬುಮಿನ್ ಹೋಗ್ತಿದೆ. ನನ್ನ ಹತ್ರ ಉತ್ತರ ಇರಲಿಲ್ಲ. ವಾಪಸ್ ಬಂದು ಓದಿದೆ.

ಕಥೆ ಶುರುವಾಗೋದು 1898ರ ಸ್ಟಾಕ್‌ಹೋಮ್‌ನಲ್ಲಿ. ರಾಬರ್ಟ್ ಟೀಗರ್‌ಸ್ಟೆಟ್ ಮತ್ತು ಅವರ ವಿದ್ಯಾರ್ಥಿ ಪೆರ್ ಬರ್ಗ್‌ಮನ್ ಮೊಲದ ಕಿಡ್ನಿಯ ಸಾರ ತೆಗೆದು ಬೇರೆ ಮೊಲಗಳಿಗೆ ಚುಚ್ಚಿದರು. ಬಿಪಿ ಏರಿತು. ಆ ವಸ್ತುವಿಗೆ ರೆನಿನ್ ಅಂತ ಹೆಸರಿಟ್ಟರು. ಆಮೇಲೆ ಮೂವತ್ತು ವರ್ಷ ಹೆಚ್ಚುಕಡಿಮೆ ಯಾರೂ ಆ ಕಡೆ ನೋಡಲಿಲ್ಲ. 1934ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಕಿಡ್ನಿಗೆ ಹೋಗುವ ರಕ್ತನಾಳವನ್ನ ಬಿಗಿದಾಗ ಬಿಪಿ ಏರಿ ಹಾಗೇ ನಿಂತಿತು. ಮುಂದೆ ಗೊತ್ತಾಯ್ತು: ರೆನಿನ್ ತಾನೇ ನಾಳವನ್ನ ಬಿಗಿಯಲ್ಲ. ಅದು ಶುರುಮಾಡುವ ಸರಣಿಯಲ್ಲಿ ಆಂಜಿಯೋಟೆನ್ಸಿನ್-2 ಅನ್ನೋ ಹಾರ್ಮೋನ್ ಹುಟ್ಟುತ್ತೆ, ಬಿಗಿಯೋದು ಅದು.

ಇದಕ್ಕೆ ತಡೆ ಸಿಕ್ಕಿದ್ದು ಹಾವಿನಿಂದ! 1965ರಲ್ಲಿ ಬ್ರೆಜಿಲ್‌ನ ಸೆರ್ಜಿಯೋ ಫೆರೇರಾ ಜರರಾಕ ಹಾವಿನ ವಿಷದಲ್ಲಿ ಒಂದು ಅಂಶ ಗುರುತಿಸಿದರು. ಅದೇ ಜಾಡು ಹಿಡಿದು ಸ್ಕ್ವಿಬ್ ಕಂಪನಿಯ ಕುಶ್‌ಮನ್ ಮತ್ತು ಒಂಡೆಟ್ಟಿ ಕ್ಯಾಪ್ಟೊಪ್ರಿಲ್ ಮಾಡಿದರು. 1981ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು, ಬಿಪಿ ಮಾತ್ರೆಯಾಗಿ.

ಹಾಗಾದ್ರೆ ಶುಗರ್ ಇರೋರ ಕಿಡ್ನಿಗೂ ಇದಕ್ಕೂ ಏನು ಸಂಬಂಧ? ಕಿಡ್ನಿಯಲ್ಲಿ ರಕ್ತ ಸೋಸೋದು ಸಣ್ಣ ಸಣ್ಣ ರಕ್ತನಾಳಗಳ ಗೊಂಚಲು. ಅದಕ್ಕೆ ರಕ್ತ ಬರೋ ನಾಳ ಒಂದು, ಹೊರಗೆ ಹೋಗೋ ನಾಳ ಒಂದು. ಆಂಜಿಯೋಟೆನ್ಸಿನ್-2 ಹೊರಹೋಗೋ ನಾಳವನ್ನ ಹೆಚ್ಚು ಬಿಗಿಯುತ್ತೆ. ಗೊಂಚಲಿನೊಳಗೆ ಒತ್ತಡ ಏರುತ್ತೆ, ಜರಡಿ ಹಾಳಾಗುತ್ತೆ, ಅಲ್ಬುಮಿನ್ ಸೋರುತ್ತೆ. ತೋಳಿಗೆ ಪಟ್ಟಿ ಕಟ್ಟಿ ನೋಡಿದ್ರೆ ಈ ಒಳಗಿನ ಒತ್ತಡ ಕಾಣಲ್ಲ. ನಮ್ಮ ಭಾಷೆಯಲ್ಲಿ ಹೇಳ್ಬೇಕಂದ್ರೆ, ಡ್ಯಾಶ್‌ಬೋರ್ಡ್ ಹಸಿರಾಗಿದೆ, ಒಳಗೆ ಲೀಕ್ ಆಗ್ತಿದೆ.

1993ರಲ್ಲಿ ಪುರಾವೆ ಬಂತು. ಟೈಪ್ 1 ಮಧುಮೇಹದಿಂದ ಕಿಡ್ನಿ ಕೆಟ್ಟಿದ್ದ 409 ಜನರ ಅಧ್ಯಯನ ಅದು. ಎರಡೂ ಗುಂಪಿನಲ್ಲಿ ಬಿಪಿ ಹತೋಟಿಯಲ್ಲಿಟ್ಟಿದ್ದರು. ಆದರೂ ಕ್ರಿಯಾಟಿನಿನ್ ಎರಡರಷ್ಟಾಗಿದ್ದು ಕ್ಯಾಪ್ಟೊಪ್ರಿಲ್ ತಗೊಂಡವರಲ್ಲಿ 25 ಜನಕ್ಕೆ, ತಗೊಳ್ಳದವರಲ್ಲಿ 43 ಜನಕ್ಕೆ. 2001ರಲ್ಲಿ ಟೈಪ್ 2 ಇರುವ 1513 ಜನರಲ್ಲಿ ಲೋಸಾರ್ಟನ್ ಪರೀಕ್ಷಿಸಿದರು. ಕಿಡ್ನಿ ಪೂರ್ತಿ ಕೈಕೊಡುವ ಅಪಾಯ ಶೇ. 28ರಷ್ಟು ಕಡಿಮೆಯಾಯ್ತು.

ಇದನ್ನೆಲ್ಲ ಫೋನಲ್ಲಿ ಅಪ್ಪನಿಗೆ ಹೇಳಿದೆ. "ಹಂಗಾದ್ರೆ ಇದು ಬಿಪಿ ಮಾತ್ರೆ ಅಲ್ಲ, ಕಿಡ್ನಿ ಮಾತ್ರೆ ಅನ್ನು," ಅಂದ್ರು. ಡಾಕ್ಟರ್ ಹತ್ರ ಹೋಗಿ, ಕ್ರಿಯಾಟಿನಿನ್ ಮತ್ತು ಪೊಟ್ಯಾಸಿಯಮ್ ನೋಡಿಸಿ, ಮತ್ತೆ ಶುರು ಮಾಡಿದ್ದಾರೆ. ಆ ಎರಡನ್ನೂ ಆಗಾಗ ನೋಡಿಸ್ತಾ ಇರಬೇಕು.

ನೀವು ಊರಿಗೆ ಹೋದಾಗ ಡಬ್ಬಿ ತೆಗೆದು ನೋಡಿ. ವರ್ಷಕ್ಕೊಮ್ಮೆ ಮೂತ್ರದ ಅಲ್ಬುಮಿನ್ ಟೆಸ್ಟ್ ಆಗಿದೆಯಾ ಕೇಳಿ. ಮಾತ್ರೆ ನಿಲ್ಲಿಸೋದು, ಶುರುಮಾಡೋದು ಡಾಕ್ಟರನ್ನ ಕೇಳಿಯೇ ಆಗಲಿ. ಮುಂದಿನ ವಿಡಿಯೋದಲ್ಲಿ ಸಿಗೋಣ.