ಗೋಕಾವಿ ಬಿಸಲು, ಘಟಪ್ರಭೆ ನೀರು

ಬೆಳಗಾವಿ ಜಿಲ್ಲೆ ಅಂದಕೂಡಲೇ ಬೆಂಗಳೂರಿನ ಗೆಳೆಯರು "ಓ, ತಂಪು ಊರು, ಕುಂದಾ..." ಅಂತಾರೆ. ಅದೇ ಜಿಲ್ಲೆಯೊಳಗ ಬೇಸಿಗೆ ದಿನ ಬಸ್ಸು ಹತ್ತಿ ಪೂರ್ವಕ್ಕೆ ಬರ್ರಿ. ಹುಕ್ಕೇರಿ ದಾಟಿ ಗೋಕಾಕ, ಮೂಡಲಗಿ ಮುಟ್ಟುವಷ್ಟರಲ್ಲಿ ಆ ತಂಪು ಎಲ್ಲೋ ಹಿಂದೆ ಉಳಿದಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ಅಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ಮಳೆಯನ್ನೆಲ್ಲ ಸಹ್ಯಾದ್ರಿ ತಾನೇ ಹಿಡಕೊಂಡು ಇತ್ತ ಖಾಲಿ ಮೋಡ ಕಳಿಸುತ್ತದೆ. ಆದರೆ ಘಟಪ್ರಭೆಯನ್ನು ಕಳಿಸಿದ್ದೂ ಅದೇ ಸಹ್ಯಾದ್ರಿ. ಈ ಸೀಮೆಯ ಬಿಸಲಿನ ಇತಿಹಾಸ ಹುಡುಕಲು ಹೋದರೆ ಸಿಗುವುದು ಆ ಹೊಳೆ ನೀರು ಯಾರ್‍ಯಾರ ಪಾಲಿಗೆ ಹೋಯಿತು ಅನ್ನೋ ಕತೆ.

ಹಳೇ ಕಾಲದವರು ಬಿಸಲಿನ ಜೊತೆ ಜಗಳಕ್ಕೆ ಇಳಿದವರಲ್ಲ. ದಪ್ಪ ಮಣ್ಣಿನ ಗೋಡೆ, ಮೇಲೆ ಸವಳು ಮಣ್ಣು ಹಾಕಿದ ಮಾಳಿಗೆ, ಕಿಟಕಿ ಬದಲು ಸಣ್ಣ ಬೆಳಕಿಂಡಿ. ಮಧ್ಯಾಹ್ನ ಒಳಗೆ ಕತ್ತಲೆ, ಆದರೆ ತಂಪು. ಮುಂಜಾನೆ ಹೊಲದ ಕೆಲಸ ಮುಗಿಸಿ ಬಂದು ಜೋಳದ ನುಚ್ಚು, ಮಜ್ಜಿಗಿ. ರಾತ್ರಿ ಮನೆಮಂದಿಯೆಲ್ಲ ಮಾಳಿಗೆ ಮೇಲೆ. (ಈಗ ಎಲ್ಲರದೂ ಆರ್‌ಸಿಸಿ. ಹಗಲು ಕಾದ ಸ್ಲ್ಯಾಬು ರಾತ್ರಿ ಹನ್ನೆರಡಾದರೂ ಆರುವುದಿಲ್ಲ, ಅದಕ್ಕೊಂದು ಕೂಲರ್ರು!)

ಇಷ್ಟೆಲ್ಲ ನಡೆಯುವುದು ಮಳೆ ಬಂದ ವರ್ಷ. 1876ರಲ್ಲಿ ಮಳೆ ಕೈಕೊಟ್ಟಿತು. ಅದು ಧಾತು ಸಂವತ್ಸರ. ಮುಂದಿನ ಬೇಸಿಗೆಗೆ ಕುಡಿಯುವ ನೀರು, ದನಕ್ಕೆ ಮೇವು, ಹಗೇವಿನ ಜೋಳ ಎಲ್ಲಕ್ಕೂ ತತ್ವಾರ. ಅದೇ ಹೊತ್ತಿಗೆ ಚೀನಾದಲ್ಲೂ ಬ್ರೆಜಿಲ್‌ನಲ್ಲೂ ಬರ. ಶಾಂತಸಾಗರ ಕಾದು ಹುಟ್ಟುವ ಎಲ್ ನಿನೋ ಇದರ ಹಿಂದಿತ್ತು ಅಂತ ಈಗ ಗೊತ್ತಿದೆ. ಆದರೆ ಜನ ಸತ್ತದ್ದಕ್ಕೆ ಆಕಾಶವನ್ನಷ್ಟೇ ಬೈದರೆ ಆಗದು. ಬರಗಾಲದ ಕಾಮಗಾರಿಯಲ್ಲಿ ಬಿಸಲಾಗ ಕಲ್ಲು ಒಡೆಯುವ ಗಂಡಾಳಿಗೆ ರಿಚರ್ಡ್ ಟೆಂಪಲ್ ಸಾಹೇಬ ಗೊತ್ತುಮಾಡಿದ ದಿನಗೂಲಿ ಒಂದು ಪೌಂಡು ಧಾನ್ಯದ ಬೆಲೆ, ಮೇಲೊಂದು ಆಣೆ. ಒಂದು ಪೌಂಡು ಅಂದರೆ ಅರ್ಧ ಕಿಲೋ ಕೂಡ ಅಲ್ಲ. 1872ರ ಜನಗಣತಿಗಿಂತ 1881ರಲ್ಲಿ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ಕಡಿಮೆಯಾಗಿತ್ತು. ಹುಟ್ಟಿದವರನ್ನೂ ಸೇರಿಸಿ ಎಣಿಸಿದ ಮೇಲೂ ಕಡಿಮೆ.

ಆಮೇಲೆ ಹೊಳೆಗೆ ಕೈ ಹಾಕಿದರು. 1885ರಲ್ಲಿ ಗೋಕಾಕ ಗಿರಣಿಯ ಕಂಪನಿ ಹುಟ್ಟಿತು, 52 ಮೀಟರ್ ಎತ್ತರದಿಂದ ಬೀಳುವ ಫಾಲ್ಸಿನ ನೀರಿನ ಬಲದಿಂದ ನೂಲು ತೆಗೆಯಲು. ಫಾಲ್ಸಿಗಿಂತ ಮೇಲೆ ಧೂಪದಾಳದಲ್ಲಿ ಹೊಳೆಗೆ ಅಡ್ಡಲಾಗಿ ಒಡ್ಡು ಬಿತ್ತು, ಕಾಲುವೆ ಹರಿಯಿತು. ಹತ್ತಿಯ ಎಳೆಗೂ ಒಣ ಬಿಸಲು ಆಗಿಬರುವುದಿಲ್ಲ, ಪಟಪಟ ಹರಿಯುತ್ತದೆ. ಹಾಗಾಗಿ ನೂಲಿನ ಗಿರಣಿಯೊಳಗೆ ಹವೆಯನ್ನು ತೇವವಾಗಿ ಇಡಬೇಕು. ನೂಲಿಗೆ ಹಿತ. ಆ ಸೆಕೆಯಲ್ಲಿ ಪಾಳಿ ಮಾಡುವವರಿಗೆ ಎಷ್ಟು ಹಿತವೋ ನೀವೇ ಊಹಿಸಿ.

ಆದರೂ ಬೇಸಿಗೆಯಲ್ಲಿ ಹೊಳೆಯೇ ಸೊರಗಿದರೆ ಒಡ್ಡಾದರೂ ಏನು ಮಾಡೀತು? ಮಳೆಗಾಲದ ನೀರನ್ನು ಬೇಸಿಗೆಗೆ ಉಳಿಸಿಕೊಟ್ಟದ್ದು ಹುಕ್ಕೇರಿ ತಾಲೂಕಿನ ಹಿಡಕಲ್ ಡ್ಯಾಮು, ಸುಮಾರು 51 ಟಿಎಂಸಿ ಹಿಡಿಯುವಂಥದ್ದು, 1977ರಲ್ಲಿ ಮುಗಿಯಿತು. ಮೂಡಲಗಿ ಕಡೆ ಮಳೆ ನಂಬಿ ಜೋಳ ಬಿತ್ತುತ್ತಿದ್ದ ಎರೆ ಹೊಲಗಳಲ್ಲಿ ಈಗ ಕಬ್ಬು ನಿಂತಿದೆ. 40 ಡಿಗ್ರಿ ಬಿಸಲಿಗೆ ಕಬ್ಬು! ನೀರು ಇದ್ದಷ್ಟೂ ಕುಡಿಯುವ ಬೆಳೆ ಅದು, ನನಗಂತೂ ಇದು ಅತಿಯಾಯಿತು ಅನಿಸುತ್ತದೆ. ಆದರೆ ಧಾತು ಬರದ ಕತೆ ಓದಿದ ಮೇಲೆ ಕಾಲುವೆ ನೀರು ಕಂಡ ರೈತನಿಗೆ ಬುದ್ಧಿ ಹೇಳಲು ಬಾಯಿ ಬರುವುದಿಲ್ಲ.

ಈ ನೀರಿಗೆ ನೆಲ ಕೊಟ್ಟವರು ಬೇರೆ. ಹಿನ್ನೀರಿನಲ್ಲಿ ಊರುಗಳೇ ಹೋದವು. ಹುನ್ನೂರಿನ ಕಲ್ಲಿನ ವಿಠ್ಠಲ ಗುಡಿಯೂ ಮುಳುಗಿತು. ಆದರೆ ಗುಡಿ ಬೀಳಲಿಲ್ಲ. ಬೇಸಿಗೆ ಕಾದು, ಡ್ಯಾಮಿನ ನೀರು ಇಳಿದಂತೆ ಮೊದಲು ಶಿಖರ, ಆಮೇಲೆ ಗೋಡೆ, ಕಡೆಗೆ ಬಾಗಿಲು ಕಾಣುತ್ತದೆ. 2023ರ ಬೇಸಿಗೆಯಲ್ಲೂ ಹೀಗೇ ಮೇಲೆದ್ದಿತ್ತು. ಕೆಳಗಿನ ಊರಿನವರು ನೀರು ಇಳಿಯಿತಲ್ಲ ಅಂತ ಚಿಂತೆ ಮಾಡುತ್ತಿರುವಾಗ, ಇಲ್ಲಿ ಜನ ಒಡೆದ ಕೆಸರಿನ ಮೇಲೆ ನಡೆದು ವಿಠ್ಠಲನ ಗುಡಿಗೆ ಹೋಗುತ್ತಾರೆ. ಮಳೆ ಶುರುವಾಗಿ ನೀರು ಏರಿತೆಂದರೆ ಗುಡಿ ಮತ್ತೆ ಒಳಗೆ.