ಹಳೆಯ ಮೈಗೆ ಹೊಸ ಮುಂಗಾಲು

ಮೋಟಾರುಸೈಕಲ್ಲಿನ ಮಾತು ಬಂದರೆ ನಾವು ಮೊದಲು ಕೇಳುವುದು ಇಂಜಿನ್ನಿನ ಬಲವನ್ನು. ಮುಂದಿನ ಚಕ್ರವನ್ನು ಹಿಡಿದು ನಿಂತ ಎರಡು ಕಾಲುಗಳ ವಿಚಾರ ಯಾರಿಗೂ ನೆನಪಾಗುವುದಿಲ್ಲ. ಆದರೆ ಹಳ್ಳದ ಪೆಟ್ಟನ್ನು ನುಂಗುವುದು, ತಿರುವಿನಲ್ಲಿ ದಾರಿ ತಪ್ಪದಂತೆ ನಡೆಸುವುದು, ಬ್ರೇಕು ಹಿಡಿದಾಗ ಮುಂದಕ್ಕೆ ನುಗ್ಗುವ ಭಾರವನ್ನು ಹೊರುವುದು ಈ ಕಾಲುಗಳೇ. ಕಸಬಿನವರು ಇದಕ್ಕೆ ಫೋರ್ಕು ಎನ್ನುತ್ತಾರೆ. ಹಳೆಯ ಗಾಡಿಗೆ ಇತ್ತೀಚಿನ ಸ್ಪೋರ್ಟ್ಸ್ ಬೈಕಿನ ಫೋರ್ಕನ್ನು ಕೂಡಿಸುವ ಹವ್ಯಾಸ ಈಗ ಹಲವು ದೇಶಗಳಲ್ಲಿದೆ. ಇದನ್ನು ಹೊಸ ಕಾಲದ ಹುಚ್ಚೆಂದು ತಳ್ಳಿಹಾಕುವವರುಂಟು. ಚರಿತ್ರೆ ಹೇಳುವುದು ಬೇರೆಯೇ ಮಾತು.

ಕಳೆದ ಶತಮಾನದ ಮೊದಲ ದಶಕಗಳಲ್ಲಿ ಬಹುಪಾಲು ಗಾಡಿಗಳಿಗಿದ್ದುದು ಗರ್ಡರ್ ಫೋರ್ಕು: ಕೊಂಡಿಗಳ ಮೇಲೆ ತೂಗುವ ಚೌಕಟ್ಟು, ನಡುವೆ ಒಂದು ಸುರುಳಿ ಸ್ಪ್ರಿಂಗು. ಒಂದು ಕೊಳವೆಯೊಳಗೆ ಇನ್ನೊಂದು ಜಾರುವ ಟೆಲಿಸ್ಕೋಪಿಕ್ ಫೋರ್ಕು ಡೆನ್ಮಾರ್ಕಿನ ನಿಂಬಸ್ ಗಾಡಿಯಲ್ಲಿ ೧೯೩೪ರಲ್ಲಿ ಬಂದಿತು. ಮರುವರ್ಷ ಜರ್ಮನಿಯ ಬಿಎಂಡಬ್ಲ್ಯು ತನ್ನ ಆರ್-೧೨ ಮತ್ತು ಆರ್-೧೭ ಗಾಡಿಗಳಲ್ಲಿ ಆ ಕೊಳವೆಗೆ ಎಣ್ಣೆಯ ಕಡಿವಾಣ ಹಾಕಿತು. ಸ್ಪ್ರಿಂಗು ಪೆಟ್ಟನ್ನು ನುಂಗುತ್ತದೆ. ಸಣ್ಣ ರಂಧ್ರಗಳಲ್ಲಿ ನುಸುಳುವ ಎಣ್ಣೆ ಅದರ ಕುಣಿತವನ್ನು ಅಡಗಿಸುತ್ತದೆ. ಯುದ್ಧದ ನಡುವೆ, ೧೯೪೧ರಲ್ಲಿ, ಇಂಗ್ಲೆಂಡಿನ ಮ್ಯಾಚ್‌ಲೆಸ್ ಜಿ-೩/ಎಲ್ ಸೇನಾವಾಹನಕ್ಕೂ ಇಂಥದೇ ಫೋರ್ಕು ಬಂದಿತು. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಗರ್ಡರ್ ಫೋರ್ಕು ಬಹುಮಟ್ಟಿಗೆ ಹಿಂದೆ ಸರಿಯಿತು.

ಆದರೆ ಹೊಸ ಕಾಲು ಬಂದಷ್ಟಕ್ಕೆ ಗಾಡಿ ಹೊಸತಾಗಲಿಲ್ಲ. ಇದಕ್ಕೆ ನಾರ್ಟನ್ ರೇಸುಗಾಡಿಯೇ ಸಾಕ್ಷಿ. ಅದಕ್ಕೆ ಟೆಲಿಸ್ಕೋಪಿಕ್ ಫೋರ್ಕು ಬಂದ ಮೇಲೂ ಹಳೆಯ ಚೌಕಟ್ಟೇ ಉಳಿದಿತ್ತು. ಮೆಕ್‌ಕ್ಯಾಂಡ್‌ಲೆಸ್ ಸೋದರರು ಚೌಕಟ್ಟನ್ನೇ ಹೊಸದಾಗಿ ಕಟ್ಟಿದರು. ಸವಾರ ಹೆರಾಲ್ಡ್ ಡೇನಿಯಲ್ ಅದನ್ನು ಗರಿಯ ಹಾಸಿಗೆಗೆ ಹೋಲಿಸಿದ. ಫೆದರ್‌ಬೆಡ್ ಎಂಬ ಹೆಸರು ಹಾಗೆ ನಿಂತಿತು. ೧೯೫೦ರ ಐಲ್ ಆಫ್ ಮ್ಯಾನ್ ಸೀನಿಯರ್ ಪಂದ್ಯವನ್ನು ಜೆಫ್ ಡ್ಯೂಕ್ ಗೆದ್ದುದು ಈ ಗಾಡಿಯ ಮೇಲೆ. ಮುಂದೆ ಇಂಗ್ಲೆಂಡಿನ ತರುಣರು ಇದೇ ಚೌಕಟ್ಟಿನಲ್ಲಿ ಟ್ರಯಂಫ್ ಇಂಜಿನ್ನನ್ನು ಕೂರಿಸಿ ‘ಟ್ರೈಟನ್’ ಎಂದರು. ಕಸಿ ಕಟ್ಟುವ ಕಲೆ ಈ ವಾಹನದ ರಕ್ತದಲ್ಲೇ ಇದೆ.

ಇಂದಿನ ಕಸಿಗೆ ಹವ್ಯಾಸಿಗಳು ಆರಿಸುವ ಗಾಡಿಗಳಲ್ಲಿ ೧೯೬೯ರಲ್ಲಿ ಬಂದ ಹೊಂಡಾ ಸಿಬಿ-೭೫೦ ಒಂದು. ಅದರ ಫೋರ್ಕಿನ ಕೊಳವೆ ೩೫ ಮಿಲಿಮೀಟರು ದಪ್ಪ. ಈಚಿನ ಸುಜುಕಿ ಜಿಎಸ್ಎಕ್ಸ್-ಆರ್‌ನಂಥ ಗಾಡಿಗಳಲ್ಲಿ ಫೋರ್ಕು ತಲೆಕೆಳಗಾಗಿದೆ: ದಪ್ಪ ಕೊಳವೆ ಮೇಲೆ, ಜಾರುವ ಕೊಳವೆ ಕೆಳಗೆ. ಬಾಗಿಸುವ ಬಲ ಹೆಚ್ಚಾಗಿ ಬೀಳುವ ಕಡೆಯೇ ದಪ್ಪನಾದ್ದರಿಂದ ಇದು ಸುಲಭವಾಗಿ ಬಳುಕದು. ಎಣ್ಣೆಯ ಹರಿವನ್ನು ತೆಳು ತಗಡುಗಳು ಆಳುವುದರಿಂದ, ಸಣ್ಣ ಕುಲುಕಿಗೂ ದೊಡ್ಡ ಹಳ್ಳಕ್ಕೂ ಬೇರೆ ಬೇರೆ ಉತ್ತರ ದೊರೆಯುತ್ತದೆ.

ಹಾಗಾದರೆ ಬಿಚ್ಚಿ ಕೂಡಿಸಿದರೆ ಮುಗಿಯಿತೆ? ಇಲ್ಲ. ಹ್ಯಾಂಡಲ್ಲು ತಿರುಗುವ ಅಕ್ಷವನ್ನು ನೆಲದವರೆಗೆ ಗೆರೆಯಾಗಿ ಎಳೆದರೆ, ಟೈರು ನೆಲ ಮುಟ್ಟುವ ಜಾಗ ಆ ಗೆರೆಗಿಂತ ಸ್ವಲ್ಪ ಹಿಂದೆ ಬೀಳುತ್ತದೆ. ಈ ಅಂತರದ ಹೆಸರು ಟ್ರೇಲ್. ಚಕ್ರವನ್ನು ನೇರ ನಡೆಸುವುದು ಇದೇ. ಹಳೆಯ ಹೊಂಡಾದಲ್ಲಿ ಅದು ಸುಮಾರು ೯೫ ಮಿಲಿಮೀಟರು. ಅಕ್ಷದ ಓರೆ ೨೭ ಡಿಗ್ರಿ. ಹೊಸ ಫೋರ್ಕಿನ ಕಾಲುಗಳು ಅಕ್ಷಕ್ಕೆ ೩೦ ಮಿಲಿಮೀಟರು ಹತ್ತಿರವಿವೆಯೆಂದು ಭಾವಿಸಿ. ಅಷ್ಟಕ್ಕೇ ಟ್ರೇಲ್ ಸುಮಾರು ೩೪ ಮಿಲಿಮೀಟರು ಬೆಳೆಯುತ್ತದೆ. ೧೯ ಇಂಚಿನ ಚಕ್ರದ ಬದಲು ೧೭ ಇಂಚಿನದು ಬಂದು, ಟೈರಿನ ತ್ರಿಜ್ಯ ೨೫ ಮಿಲಿಮೀಟರು ತಗ್ಗಿದರೆ ೧೩ರಷ್ಟು ಇಳಿಯುತ್ತದೆ. ಫೋರ್ಕಿನ ಉದ್ದ ಕಡಿಮೆಯಾದರೆ ಗಾಡಿಯ ಮೂತಿ ಬಗ್ಗಿ ಅಕ್ಷ ನೆಟ್ಟಗಾಗುತ್ತದೆ. ಟ್ರೇಲ್ ಇನ್ನೂ ಇಳಿಯುತ್ತದೆ. ಟ್ರೇಲ್ ಅತಿಯಾದರೆ ಹ್ಯಾಂಡಲ್ಲು ಭಾರ, ತೀರ ಕಡಿಮೆಯಾದರೆ ವೇಗದಲ್ಲಿ ನಡುಕ. ಆದಕಾರಣ ಬಲ್ಲವರು ಲೇತಿನ ಮುಂದೆ ನಿಲ್ಲುವ ಮೊದಲು ಕಾಗದದ ಮುಂದೆ ಕೂರುತ್ತಾರೆ.

ಆಮೇಲೆ ತೂಕದ ಪ್ರಶ್ನೆ. ಸಿಬಿ-೭೫೦ ಇನ್ನೂರು ಕಿಲೋಗ್ರಾಂ ಮೀರಿದ ಗಾಡಿ. ಹಗುರ ಗಾಡಿಗೆಂದು ಮಾಡಿದ ಸ್ಪ್ರಿಂಗು ಅದರ ಕೆಳಗೆ ಕುಸಿಯುತ್ತದೆ. ಹೊಸ ಫೋರ್ಕಿನೊಡನೆ ಬರುವ ಜೋಡಿ ಡಿಸ್ಕ್ ಬ್ರೇಕುಗಳ ಸೆಳೆತವನ್ನು ತಾಳುವಷ್ಟು ಹಳೆಯ ಚೌಕಟ್ಟಿನ ಕತ್ತು ಗಟ್ಟಿಯಿದೆಯೇ ಎಂದೂ ನೋಡಬೇಕು. ನಾರ್ಟನ್ನಿನವರು ಕಲಿತ ಪಾಠವೇ ಇದು.

ನಮ್ಮ ನಾಡಿಗೂ ಈ ಮಾತು ದೂರದ್ದಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ೧೯೬೧ರಿಂದ ೧೯೯೬ರವರೆಗೆ ಕಟ್ಟಿದ ಜಾವಾ, ಯೆಜ್ಡಿ ಗಾಡಿಗಳನ್ನು ಇಂದಿಗೂ ಜೋಪಾನ ಮಾಡುವವರಿದ್ದಾರೆ. ಅವರಲ್ಲಿ ಕಾಲು ಬದಲಿಸುವ ಆಸೆಯುಳ್ಳವರು ಕಾನೂನನ್ನೂ ನೋಡಬೇಕು: ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ತಯಾರಕರ ವಿವರಕ್ಕೆ ಹೊರತಾದ ಮಾರ್ಪಾಟಿಗೆ ಮಿತಿ ಹಾಕಿದೆ. ಲೆಕ್ಕ ಹಾಕದೆ ಹಳೆಯ ಮೈಗೆ ಕಸಿ ಕಟ್ಟಬಾರದು. ಬಿಚ್ಚಿದ ಹಳೆಯ ಫೋರ್ಕನ್ನು ಗುಜರಿಗೂ ಹಾಕಬಾರದು. ಮುಂದೊಂದು ದಿನ ಆ ಗಾಡಿ ಹುಟ್ಟಿದಾಗ ಹೇಗಿತ್ತೆಂದು ಹೇಳಲು ಅದೇ ಸಾಕ್ಷಿಯಾದೀತು.