ಆತಕೂರಿನ ಕಾಳಿಯ ಕಲ್ಲು

ನಮ್ಮ ಮಾರ್ಕೋನಹಳ್ಳಿ ಜಲಾಶಯದಿಂದ ಹೊರಟ ಶಿಂಷಾ ನದಿ ಮುಂದೆ ಮದ್ದೂರಿನ ಸೀಮೆಯನ್ನು ಹಾದು ಕಾವೇರಿಯನ್ನು ಸೇರುತ್ತದೆ. ಅದೇ ಮದ್ದೂರು ತಾಲ್ಲೂಕಿನ ಆತಕೂರಿನದೊಂದು ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರ ಕಥೆಯನ್ನು ತರಗತಿಯಲ್ಲಿ ನಿಮಗೆ ಹೇಳದೆ ಉಳಿದ ಋಣ ನನ್ನದು.

ಈ ಸಂಗ್ರಹಾಲಯ ಸ್ಥಾಪನೆಗೊಂಡದ್ದು 1865ರಲ್ಲಿ. ಮದರಾಸಿನ ಸಂಗ್ರಹಾಲಯದ ಹೊಣೆ ಹೊತ್ತು ಅನುಭವವಿದ್ದ ಶಸ್ತ್ರವೈದ್ಯ ಎಡ್ವರ್ಡ್ ಬಾಲ್ಫೋರ್ ಇದಕ್ಕೆ ಪ್ರೇರಕರು. ಆಗ ಮೈಸೂರಿನ ಮುಖ್ಯ ಆಯುಕ್ತರಾಗಿದ್ದವರು ಬೌರಿಂಗ್. ದಂಡು ಪ್ರದೇಶದ ಹಳೆಯ ಸೆರೆಮನೆಯಲ್ಲಿ ಆರಂಭವಾದ ಸಂಗ್ರಹಕ್ಕೆ 1877ರಲ್ಲಿ ಇಂದಿನ ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡ ದೊರೆಯಿತು. ಹೊಯ್ಸಳ ಶಿಲ್ಪಗಳು, ಚಂದ್ರವಳ್ಳಿಯ ಉತ್ಖನನದಲ್ಲಿ ದೊರೆತ ವಸ್ತುಗಳು, ನಾಣ್ಯಗಳು, ಶಾಸನಗಳು ಅಲ್ಲಿ ಸೇರಿಕೊಂಡವು. ಪಕ್ಕದಲ್ಲಿಯೇ ಕಲಾವಿದ ಕೆ. ವೆಂಕಟಪ್ಪನವರ ಹೆಸರಿನ ಚಿತ್ರಶಾಲೆಯಿದೆ.

ಇಷ್ಟೆಲ್ಲದರ ನಡುವೆ ನನ್ನನ್ನು ತಡೆದು ನಿಲ್ಲಿಸಿದ್ದು ಆತಕೂರಿನ ಕಲ್ಲು. ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೆಯ ಕೃಷ್ಣನು ತಕ್ಕೋಲದಲ್ಲಿ ಚೋಳರೊಡನೆ ಕಾದಿದಾಗ ಗಂಗರ ಬೂತುಗನು ಅವನ ಪಕ್ಷದಲ್ಲಿದ್ದನು. ಚೋಳ ರಾಜಾದಿತ್ಯನು ಆ ಯುದ್ಧದಲ್ಲಿ ಮಡಿದನು. ಬೂತುಗನಿಗೆ ಬನವಾಸಿ, ಬೆಳ್ವೊಲ ಮೊದಲಾದ ನಾಡುಗಳೇ ಉಡುಗೊರೆಯಾಗಿ ಬಂದವು. ಬೂತುಗನ ಸೇವಕ ಮಣಲೆರನೂ ವೀರಾವೇಶದಿಂದ ಹೋರಾಡಿದ್ದನು. ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡೆಂದಾಗ ಅವನು ಬೇಡಿದ್ದು ಕಾಳಿ ಎಂಬ ಒಂದು ಬೇಟೆನಾಯಿಯನ್ನು!

ಆ ನಾಯಿಯನ್ನು ಬೆಳತೂರಿನ ಬೆಟ್ಟದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಡಲಾಯಿತು. ಎರಡೂ ಕಾದಾಡಿ ಒಟ್ಟಿಗೇ ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರನ ಎದುರಿಗೆ ಈ ಕಲ್ಲನ್ನು ನೆಡಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಭೂಮಿಯನ್ನು ಬಿಟ್ಟನು. ಹಂದಿಯ ಮೇಲೆ ಎರಗಿದ ನಾಯಿಯ ಚಿತ್ರ ಇಂದಿಗೂ ಕಲ್ಲಿನ ಮೇಲಿದೆ.

ಶಾಸನದ ಕೊನೆಯಲ್ಲಿ ಒಂದು ಕಟ್ಟಳೆಯಿದೆ. ಕಲ್ಲಿಗೆ ಪೂಜೆ ಸಲ್ಲಿಸದೆ ಉಣ್ಣುವ ಗೊರವನಿಗೆ ಆ ನಾಯಿ ಮಾಡಿದ ಪಾಪವೆಲ್ಲ ತಟ್ಟಲಿ ಎಂಬುದು ಅದರ ಸಾರಾಂಶ. ಗೊರವನೆಂದರೆ ಶೈವ ಅರ್ಚಕ. ಕಲ್ಲು ಊರು ಬಿಟ್ಟ ಮೇಲೆ ಗೊರವನೂ ಇಲ್ಲ, ಪೂಜೆಯೂ ಇಲ್ಲ. ಬಿಸಿಲು ಮಳೆಗಳಿಂದ ಕಲ್ಲು ಪಾರಾಯಿತು, ವಿದ್ವಾಂಸರ ಕಣ್ಣಿಗೆ ಬಿದ್ದಿತು, ನಿಜ. ಆದರೆ ಕೆರೆ, ಗುಡಿ, ಬೆಟ್ಟಗಳ ನೆರೆಯಿಂದ ಅದು ಅಗಲಿತೆಂಬುದೂ ನಿಜ. ಸಂಗ್ರಹಾಲಯವೆಂದರೆ ಈ ಲಾಭ ನಷ್ಟಗಳೆರಡೂ ಹೌದು. ಅಲ್ಲಿ ನಿಂತು ಆ ಅಕ್ಷರಗಳನ್ನು ಓದುವುದೇ ನಾವು ಸಲ್ಲಿಸಬಹುದಾದ ಪೂಜೆಯೆಂದು ನನಗೆ ತೋರಿತು.

ನಾನಾದರೋ ವರ್ಷಗಟ್ಟಲೆ ಕಪ್ಪುಹಲಗೆಯ ಮೇಲೆ 'ತಕ್ಕೋಲಂ ಯುದ್ಧ, 949' ಎಂದು ಬರೆಸಿ ಮುಂದೆ ಸಾಗಿದವನು. ನಮ್ಮ ಹೊಳೆಯ ಕೆಳಗಿನ ಸೀಮೆಯಲ್ಲಿಯೇ ಅದರ ಸಾಕ್ಷಿಯಿತ್ತೆಂದು ಒಂದು ಮಗುವಿಗೂ ಹೇಳಲಿಲ್ಲ. ನಿಮ್ಮ ಮಕ್ಕಳನ್ನು ಬೆಂಗಳೂರಿಗೆ ಕರೆದೊಯ್ದಾಗ ಆ ಕಲ್ಲಿನ ಕಥೆ ಹೇಳಿ. ಊರಿಗೆ ಬಂದಾಗ ಕೆರೆಯ ಏರಿ, ಹೊಲದ ಬದುಗಳ ಮೇಲೆ ಬರಹವಿರುವ ಕಲ್ಲು ಕಂಡರೆ ಬಟ್ಟೆ ಒಗೆಯುವ ಚಪ್ಪಡಿಯಾಗಲು ಬಿಡಬೇಡಿ. ಓದಬಲ್ಲವರನ್ನು ಕರೆತಂದು ತೋರಿಸಿ. ನನ್ನ ಋಣ ಅಷ್ಟರಿಂದಲಾದರೂ ತೀರಲಿ.